ಹಿಡಿಯುವ ಕೈ

ನನ್ನ ಎಡಗೈ ಸ್ವಾಧೀನ ತಪ್ಪಿದ ಮೇಲೆ ಮನೆಗೆ ನೋಡಲು ಬಂದವರಲ್ಲಿ ಹತ್ತಕ್ಕೆ ಎಂಟು ಮಂದಿ ಹೇಳಿದ್ದು ಒಂದೇ ಮಾತು: ‘ಸದ್ಯ, ಎಡಗೈ! ದೇವರು ದೊಡ್ಡವನು. ಬಲಗೈ ಆಗಿದ್ದರೆ ಏನು ಗತಿ?’ ಹಣ್ಣಿನ ಪೊಟ್ಟಣವನ್ನು ಮಂಚದ ಪಕ್ಕದಲ್ಲಿಟ್ಟು, ಕಾಫಿ ಕುಡಿದು, ಹೊರಡುವಾಗ ಇನ್ನೊಮ್ಮೆ ಅದನ್ನೇ ಹೇಳಿ ಹೋಗುತ್ತಿದ್ದರು. ನಾನೂ ಹೌದೆಂದು ತಲೆಯಾಡಿಸುತ್ತಿದ್ದೆ. ಆದರೆ ಅವರು ತಂದ ಕಿತ್ತಳೆ ಹಣ್ಣನ್ನು ಸುಲಿಯಲು ಕೂತಾಗ ಆ ಸಮಾಧಾನ ಅರ್ಧಕ್ಕೇ ನಿಲ್ಲುತ್ತಿತ್ತು. ಬಲಗೈಯ ಹೆಬ್ಬೆರಳು ಸಿಪ್ಪೆಯೊಳಗೆ ಇಳಿಯಬೇಕಾದರೆ ಹಣ್ಣನ್ನು ಯಾರಾದರೂ ಹಿಡಿದುಕೊಂಡಿರಬೇಕಲ್ಲ! ಹಣ್ಣು ತಟ್ಟೆಯಲ್ಲಿ ಉರುಳುತ್ತಿತ್ತು, ಕೈ ಅದರ ಹಿಂದೆ ಓಡುತ್ತಿತ್ತು.

ನಮ್ಮಲ್ಲಿ ಎಡಗೈಗೆ ಅಂಥ ಮರ್ಯಾದೆಯೇನೂ ಇಲ್ಲ. ಪ್ರಸಾದಕ್ಕೆ ಎಡಗೈ ಚಾಚಿದರೆ ‘ಬಲಗೈ, ಬಲಗೈ’ ಎಂದು ಹಿರಿಯರು ಗದರಿಸುತ್ತಾರೆ. ಬರೆಯುವುದು, ಉಣ್ಣುವುದು, ಸಹಿ ಹಾಕುವುದು ಎಲ್ಲ ಬಲಗೈಯ ಪಾಲು. ಹಾಗಾದರೆ ಈ ಎಡಗೈ ದಿನವಿಡೀ ಏನು ಮಾಡುತ್ತಿತ್ತು? ಅದು ಕೆಲಸ ನಿಲ್ಲಿಸಿದ ಮೇಲೆಯೇ ನನಗೆ ಉತ್ತರ ಸಿಕ್ಕಿದ್ದು. ಅದು ಹಿಡಿಯುತ್ತಿತ್ತು. ಬಲಗೈ ಬರೆಯುವಾಗ ಹಾಳೆಯನ್ನು, ಉಜ್ಜುವಾಗ ಪಾತ್ರೆಯನ್ನು, ಮುಚ್ಚಳ ತಿರುಗಿಸುವಾಗ ಡಬ್ಬಿಯನ್ನು, ದಾರ ಪೋಣಿಸುವಾಗ ಸೂಜಿಯನ್ನು ಹಿಡಿದುಕೊಂಡು ಸುಮ್ಮನೆ ಇರುತ್ತಿತ್ತು. ಹೆಸರು ಬಲಗೈಗೆ, ದುಡಿಮೆ ಮಾತ್ರ ಇಬ್ಬರದ್ದು.

ನಡೆದದ್ದಿಷ್ಟು. 2016ರ ನವೆಂಬರಿನಲ್ಲಿ ಸಾಗರದ ಪೇಟೆಯಿಂದ ಮನೆಗೆ ಬರುವಾಗ ಹಿಂದಿನಿಂದ ಬಂದ ವಾಹನವೊಂದು ನನ್ನ ಸ್ಕೂಟರಿಗೆ ತಾಗಿತು. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು. ಭುಜ ನೆಲಕ್ಕೆ ಬಡಿದು ಒಂದು ಕಡೆಗೂ ಕುತ್ತಿಗೆ ಇನ್ನೊಂದು ಕಡೆಗೂ ಎಳೆದುಕೊಂಡವು. ಒಂದು ಮೂಳೆಯೂ ಮುರಿದಿರಲಿಲ್ಲ. ಆದರೂ ಕೈ ಏಳಲಿಲ್ಲ. ಕುತ್ತಿಗೆಯ ಬುಡದಲ್ಲಿ ಐದು ನರಬೇರುಗಳು ಹೊರಟು, ಭುಜದ ಹತ್ತಿರ ಜಡೆಯ ಹಾಗೆ ಹೆಣೆದುಕೊಂಡು, ಆಮೇಲೆ ಕವಲೊಡೆದು ಬೆರಳ ತುದಿಯವರೆಗೂ ಹೋಗುತ್ತವೆ. ದ್ವಿಚಕ್ರ ವಾಹನದಿಂದ ಬಿದ್ದವರಲ್ಲಿ ಈ ಜಡೆ ಹರಿದುಹೋಗುವುದುಂಟು. ನನ್ನದೂ ಹಾಗೆಯೇ ಹರಿದಿತ್ತು.

ಶಸ್ತ್ರಚಿಕಿತ್ಸೆ ಆಯಿತು. ನರ ಮತ್ತೆ ಬೆಳೆಯುತ್ತದೆಯೇ ಎಂದು ವೈದ್ಯರನ್ನು ಕೇಳಿದೆ. ಬೆಳೆಯುತ್ತದೆ, ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಎಂದರು. ಆಸ್ಪತ್ರೆಯ ಮಂಚದ ಮೇಲೆ ಕೂತು ಲೆಕ್ಕ ಹಾಕಿದೆ. ಭುಜದಿಂದ ಅಂಗೈಗೆ ಅಂದಾಜು 600 ಮಿಲಿಮೀಟರ್. ಅಂದರೆ 20 ತಿಂಗಳು. ಆದರೆ ನರದ ಅಪ್ಪಣೆಯಿಲ್ಲದೆ ಬಿದ್ದಿರುವ ಸ್ನಾಯು ಅಷ್ಟು ಕಾಲ ಕಾಯುವುದಿಲ್ಲವಂತೆ. ಒಂದು, ಒಂದೂವರೆ ವರ್ಷದೊಳಗೆ ಅದು ಸೊರಗಿ, ನರ ಬಂದು ಬಾಗಿಲು ತಟ್ಟಿದರೂ ತೆರೆಯದ ಸ್ಥಿತಿಗೆ ಬಂದುಬಿಡುತ್ತದೆ. ನನ್ನ ಮೊಣಕೈ ಸ್ವಲ್ಪ ಮಡಚುವಷ್ಟಾಯಿತು. ಬೆರಳುಗಳು ಬರಲಿಲ್ಲ. ಬಿಸಿ ತಣ್ಣಗಿನ ಅರಿವೂ ಬರಲಿಲ್ಲ.

ನಾನು ಕಾಲೇಜೊಂದರ ಗ್ರಂಥಾಲಯದಲ್ಲಿ ಸಹಾಯಕ. ಸಂಜೆ ಮನೆಯ ಜಗುಲಿಯಲ್ಲಿ ಪುಸ್ತಕಗಳಿಗೆ ಬೈಂಡ್ ಹಾಕುವುದು ಇಪ್ಪತ್ತು ವರ್ಷಗಳಿಂದ ನಡೆದುಬಂದ ಉಪವೃತ್ತಿ. ಉಪವೃತ್ತಿ ಎಂದರೆ ಪೂರ್ತಿ ನಿಜವಲ್ಲ. ಸಂಬಳ ಅಕ್ಕಿ ಬೇಳೆಗಾದರೆ, ಮಗಳ ಓದಿಗೆ ಆಸರೆಯಾಗಿದ್ದು ಈ ಬೈಂಡಿಂಗ್. ಅಕ್ಕನ ಪಠ್ಯಪುಸ್ತಕವನ್ನು ತಂಗಿಗೆ ಉಳಿಸಬೇಕೆನ್ನುವ ತಾಯಂದಿರು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಒಟ್ಟುಮಾಡಿದ ಹುಡುಗರು, ಅಜ್ಜನ ಕಾಲದ ಗದುಗಿನ ಭಾರತವನ್ನು ಪಂಚೆಯಲ್ಲಿ ಸುತ್ತಿ ತರುವ ಮುದುಕರು ಎಲ್ಲರೂ ನಮ್ಮ ಜಗುಲಿಗೆ ಬರುತ್ತಿದ್ದರು. ರಜೆ ಮುಗಿಸಿ ಗ್ರಂಥಾಲಯದ ಕೆಲಸಕ್ಕೆ ಮರಳಿದ್ದಾಯಿತು. ಅಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವುದಕ್ಕೆ ಒಂದು ಕೈ ಹೇಗೋ ಸಾಲುತ್ತಿತ್ತು. ಬೈಂಡಿಂಗಿಗೆ ಸಾಲಲಿಲ್ಲ.

ಎಲ್ಲಿ ಸಾಲುವುದಿಲ್ಲ ಎಂದು ತಿಳಿಯಲು ಒಂದು ದಿನ ನೋಟ್‌ಬುಕ್ ತೆಗೆದುಕೊಂಡು ಕೂತೆ. ಒಂದು ಹಳೆಯ ಪುಸ್ತಕ ಹೊಸ ರಟ್ಟು ತೊಡುವವರೆಗಿನ ಹೆಜ್ಜೆಗಳನ್ನು ಒಂದೊಂದಾಗಿ ಬರೆದೆ. ಹಳೆಯ ರಟ್ಟು ಬಿಡಿಸುವುದು, ಫಾರಂಗಳನ್ನು ಕ್ರಮವಾಗಿ ಜೋಡಿಸುವುದು, ತಟ್ಟಿ ಅಂಚು ಸಮ ಮಾಡುವುದು, ದಬ್ಬಣದಿಂದ ತೂತು ಹಾಕುವುದು, ಮೇಣ ತಿಕ್ಕಿದ ದಾರದಲ್ಲಿ ಹೊಲಿಯುವುದು, ಬೆನ್ನಿಗೆ ಅಂಟು ಹಚ್ಚುವುದು, ರಟ್ಟು ಕತ್ತರಿಸುವುದು, ಕ್ಯಾಲಿಕೊ ಬಟ್ಟೆ ಎಳೆದು ಮೆತ್ತುವುದು, ಕೊನೆಗೆ ಪ್ರೆಸ್ಸಿಗೆ ಕೊಟ್ಟು ತಿರುಪು ಬಿಗಿಯುವುದು. ಬಿಡಿಸಿ ಬರೆದಾಗ ಒಟ್ಟು 26 ಹೆಜ್ಜೆಗಳಾದವು. ಒಂದೊಂದರ ಮುಂದೆಯೂ ಬಲಗೈ ಏನು ಮಾಡುತ್ತದೆ, ಎಡಗೈ ಏನು ಮಾಡುತ್ತದೆ ಎಂದು ಎರಡು ಕಲಮು ಹಾಕಿದೆ. ಎಡಗೈಯ ಕಲಮಿನಲ್ಲಿ 19 ಸಲ ಒಂದೇ ಪದ ಬಂತು: ‘ಹಿಡಿಯುವುದು’. ಮೂರು ಹೆಜ್ಜೆಗಳಲ್ಲಿ ಮಾತ್ರ ಅದಕ್ಕೆ ಸ್ವಂತ ಕೆಲಸವಿತ್ತು. ಉಳಿದ ನಾಲ್ಕರಲ್ಲಿ ಅದರ ಅಗತ್ಯವೇ ಇರಲಿಲ್ಲ.

ಈ ಪಟ್ಟಿ ಮಾಡುವ ಮೊದಲೇ ನಮ್ಮ ಮನೆಯಲ್ಲಿ ಹಿಡಿಯುವ ಕೆಲಸಕ್ಕೆ ಒಬ್ಬರು ತಾವಾಗಿಯೇ ಬಂದು ಕೂತಿದ್ದರು. ಮಗಳು. ಆಗ ಅವಳು ಒಂಬತ್ತನೆಯ ತರಗತಿ ಮುಗಿಸಿ ಹತ್ತಕ್ಕೆ ಕಾಲಿಡುವವಳು. ಶಾಲೆಯಿಂದ ಬಂದವಳೇ ಕೈಕಾಲು ತೊಳೆದು ನನ್ನ ಎಡಗಡೆ ಕೂರುತ್ತಿದ್ದಳು. ‘ಹಿಡ್ಕೋಬೇಕಾ ಅಪ್ಪ?’ ಎಂದು ಕೇಳುವುದಕ್ಕೂ ಕಾಯುತ್ತಿರಲಿಲ್ಲ. ನನ್ನ ಬಲಗೈ ಎಲ್ಲಿಗೆ ಹೋಗುತ್ತದೋ ಅದರ ಎದುರಿಗೆ ಅವಳ ಎಡಗೈ ಬಂದಿರುತ್ತಿತ್ತು. ನೋಡಿದ ಬಂಧುಗಳು ‘ಎಂಥ ಮಗಳನ್ನು ಪಡೆದಿದ್ದೀಯ!’ ಎಂದು ಹೊಗಳಿದರು. ಪಕ್ಕದ ಮನೆಯವರು ತಮ್ಮ ಮಕ್ಕಳಿಗೆ ಅವಳನ್ನು ತೋರಿಸಿ ಬುದ್ಧಿ ಹೇಳಿದರು.

ಅವಳ ಬಲಗೈಯ ಪಕ್ಕದಲ್ಲಿ ಸಮಾಜವಿಜ್ಞಾನದ ಪುಸ್ತಕ ತೆರೆದು ಬಿದ್ದಿರುತ್ತಿತ್ತು. ನಾನು ಅಂಟು ಹಚ್ಚುವ ನಡುವೆ ಅವಳು ಎರಡು ಸಾಲು ಓದುತ್ತಿದ್ದಳು. ನಾನು ‘ಹ್ಞೂಂ’ ಎಂದರೆ ಕಣ್ಣು ಪುಸ್ತಕದಿಂದ ಎದ್ದು ರಟ್ಟಿಗೆ ಬರುತ್ತಿತ್ತು. ಒಂದು ಸಂಜೆ ಹಾಗೆಯೇ ಗಮನಿಸಿದೆ. ಎರಡು ಗಂಟೆಯ ಹೊತ್ತಿನಲ್ಲಿ ಅವಳು ಒಂದೇ ಪುಟದಲ್ಲಿದ್ದಳು. ಮಗಳು ಅಪ್ಪನಿಗೆ ಸಹಾಯ ಮಾಡುವುದು ಬೇರೆ. ಮಗಳ ಕೈಯೇ ಅಪ್ಪನ ಕೈಯಾಗಿಬಿಡುವುದು ಬೇರೆ. ಇವತ್ತು ಪುಸ್ತಕ ಹಿಡಿಯುವವಳು ನಾಳೆ ‘ಅಪ್ಪನಿಗೆ ಕಷ್ಟವಾಗುತ್ತದೆ’ ಎಂದು ದೂರದ ಕಾಲೇಜಿಗೆ ಅರ್ಜಿ ಹಾಕುವುದನ್ನೇ ಬಿಡಬಹುದು. ಅವಳು ಅದನ್ನು ನನಗೆ ಹೇಳುವುದೂ ಇಲ್ಲ. ಒಳ್ಳೆಯ ಮಕ್ಕಳಿರುವ ಮನೆಯಲ್ಲಿ ಇಂಥದ್ದು ಸದ್ದಿಲ್ಲದೆ ನಡೆದುಹೋಗುತ್ತದೆ.

ಅವಳನ್ನು ಏಳು ಎಂದು ಬರೀ ಬಾಯಿಮಾತಿನಲ್ಲಿ ಹೇಳಿದರೆ ಏಳುವವಳಲ್ಲ. ಅವಳ ಜಾಗದಲ್ಲಿ ಕೂರಲು ಬೇರೆ ಏನಾದರೂ ಬೇಕಿತ್ತು.

ಆ ದಿನಗಳಲ್ಲಿ ನನಗೆ ಧೈರ್ಯ ತುಂಬಲು ಹಲವರು ಸಾಧಕರ ಕಥೆಗಳನ್ನು ಹೇಳುತ್ತಿದ್ದರು. ಗ್ರಂಥಾಲಯದವನಾದ್ದರಿಂದ ಕೆಲವನ್ನು ನಾನೇ ಹುಡುಕಿ ಓದಿದೆ. ಹಂಗೇರಿಯ ಸೈನಿಕ ಕಾರೋಯ್ ಟಕಾಚ್ ಎಂಬವನ ಕಥೆ ಅದರಲ್ಲೊಂದು. ಒಳ್ಳೆಯ ಪಿಸ್ತೂಲು ಗುರಿಕಾರ. 1938ರಲ್ಲಿ ತರಬೇತಿಯ ಹೊತ್ತಿಗೆ ಕೈಬಾಂಬು ಸಿಡಿದು ಬಲಗೈ ಛಿದ್ರವಾಯಿತು. ಅವನು ಎಡಗೈಯಲ್ಲಿ ಗುರಿ ಹಿಡಿಯುವುದನ್ನು ಕಲಿತು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ 25 ಮೀಟರ್ ಶೀಘ್ರ ಪಿಸ್ತೂಲು ಸ್ಪರ್ಧೆಯ ಚಿನ್ನ ಗೆದ್ದ. 1952ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೊಮ್ಮೆ ಗೆದ್ದ. ನಮ್ಮವರೇ ಆದ ರಾಜಸ್ಥಾನದ ದೇವೇಂದ್ರ ಝಝಾರಿಯಾ ಎಂಟನೆಯ ವಯಸ್ಸಿನಲ್ಲಿ ಮರ ಹತ್ತುವಾಗ ವಿದ್ಯುತ್ ತಂತಿ ತಗುಲಿ ಎಡಗೈ ಕಳೆದುಕೊಂಡವರು. ಜಾವೆಲಿನ್ ಎಸೆತದಲ್ಲಿ 2004ರ ಅಥೆನ್ಸ್ ಮತ್ತು 2016ರ ರಿಯೊ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಚಿನ್ನ ತಂದರು.

ಇಂಥವರ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಓದುತ್ತಾ ಓದುತ್ತಾ ನನಗೆ ಕಂಡ ಒಂದು ಸಂಗತಿಯನ್ನು ಹೇಳಲೇಬೇಕು. ಪಿಸ್ತೂಲು ಸ್ಪರ್ಧೆಯಲ್ಲಿ ಆಯುಧವನ್ನು ಒಂದೇ ಕೈಯಲ್ಲಿ ಹಿಡಿಯಬೇಕೆಂಬುದು ನಿಯಮ. ಎರಡು ಕೈ ಇದ್ದವನೂ ಒಂದನ್ನು ಸುಮ್ಮನಿರಿಸಬೇಕು. ಭರ್ಜಿ ಎಸೆಯುವುದೂ ಒಂದೇ ಕೈ. ಗುರಿಯ ರೇಖೆಗೆ ಬಂದು ನಿಂತ ಮೇಲೆ ಇವರ ಆಟಗಳು ಎರಡನೆಯ ಕೈಯನ್ನು ಕೇಳುವುದೇ ಇಲ್ಲ. ಆದರೆ ಬೆಳಿಗ್ಗೆ ಆ ಟಕಾಚ್ ಬೂಟಿನ ದಾರ ಹೇಗೆ ಕಟ್ಟಿಕೊಂಡ, ಪಿಸ್ತೂಲಿಗೆ ಗುಂಡು ತುಂಬುವಾಗ ಅದನ್ನು ಎಲ್ಲಿ ಒತ್ತಿ ಹಿಡಿದ, ಬಿಚ್ಚಿ ಎಣ್ಣೆ ಹಾಕುವಾಗ ಏನು ಮಾಡಿದ? ನನಗೆ ಬೇಕಾಗಿದ್ದ ವಿದ್ಯೆ ಅದು. ಪದಕದ ಕಥೆ ಹೇಳುವವರು ಅದನ್ನು ಹೇಳುವುದಿಲ್ಲ.

ಆ ವಿದ್ಯೆ ನನಗೆ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅಮ್ಮ ಮೆಟ್ಟುಗತ್ತಿಯ ಮುಂದೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು. ಮೆಟ್ಟುಗತ್ತಿ ಗೊತ್ತಿಲ್ಲದ ಪೇಟೆಯ ಮಕ್ಕಳಿಗಾಗಿ ಹೇಳುತ್ತೇನೆ: ಅದು ಮಣೆಗೆ ನಿಲ್ಲಿಸಿದ ಬಾಗುಗತ್ತಿ, ಮಣೆಯನ್ನು ಕಾಲಿನಲ್ಲಿ ಮೆಟ್ಟಿಕೊಂಡು ತರಕಾರಿಯನ್ನೇ ಅಲಗಿಗೆ ಒತ್ತಬೇಕು. ಈಳಿಗೆ ಮಣೆ ಎಂದರೂ ಅದೇ. ಚಾಕುವಿನಲ್ಲಿ ಹೆಚ್ಚುವಾಗ ಒಂದು ಕೈ ಚಾಕುವಿಗೆ ಹೋಯಿತು, ಇನ್ನೊಂದು ಕೈ ತರಕಾರಿಗೆ. ಮೆಟ್ಟುಗತ್ತಿಯಲ್ಲಿ ಕತ್ತಿಯನ್ನು ಹಿಡಿಯಲು ಕೈಯೇ ಬೇಡ. ಅದನ್ನು ಕಾಲು ನೋಡಿಕೊಳ್ಳುತ್ತದೆ. ಅಂದು ಅಮ್ಮನನ್ನು ಎಬ್ಬಿಸಿ ನಾನು ಕೂತೆ. ಸೌತೆಕಾಯಿ ಹೆಚ್ಚಿದೆ. ಹೋಳುಗಳು ದಪ್ಪ ತೆಳ್ಳಗೆ ಆದವು, ಆದರೆ ಹೆಚ್ಚಿದ್ದು ನಾನೊಬ್ಬನೇ. ತುರಿಮಣೆಯೂ ಹಾಗೆಯೇ, ಅದರ ಮೇಲೆ ಕೂತ ಮನುಷ್ಯನ ಭಾರವೇ ಅದನ್ನು ಹಿಡಿದಿರುತ್ತದೆ. ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದ ಯುಕ್ತಿ ಇದು: ಉಪಕರಣವನ್ನು ಕಟ್ಟಿಹಾಕು, ಕೈಯನ್ನು ಬಿಡಿಸಿಕೊ.

ನಮ್ಮೂರಿನ ಬಡಗಿ ಆಚಾರ್ರಿಗೆ ನನ್ನ 26 ಹೆಜ್ಜೆಗಳ ಪಟ್ಟಿಯನ್ನು ತೋರಿಸಿದೆ. ಅವರು ನಿಧಾನವಾಗಿ ಓದಿ, ‘ಇಷ್ಟೇ ತಾನೆ? ನಾವು ನೆಲದ ಮೇಲೆ ಕೂತು ಉಳಿ ಹೊಡೆಯುವಾಗ ಮರವನ್ನು ಹಿಡಿಯುವುದು ಕಾಲೇ ಅಲ್ಲವೇ ಮಾರಾಯ್ರೇ. ನಿಮ್ಮದು ಮೇಜಿನ ಕೆಲಸ. ಮೇಜಿಗೇ ಕೈ ಬರುವ ಹಾಗೆ ಮಾಡುವ’ ಎಂದರು. 2017ರ ಬೇಸಿಗೆ ರಜೆಯಲ್ಲಿ ಆ ಮೇಜು ತಯಾರಾಗಲು ತೊಡಗಿತು. ಒಮ್ಮೆಲೇ ಆಗಲಿಲ್ಲ. ಮಾಡಿದ್ದನ್ನು ಬಿಚ್ಚಿ, ಮತ್ತೆ ಮಾಡಿ, ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ರೂಪಕ್ಕೆ ಬಂತು.

ಮೊದಲನೆಯದು ಹಾಳೆಗಳ ಅಂಚು ಸಮ ಮಾಡುವ ಕೆಲಸ. ಎರಡು ಕೈಗಳ ನಡುವೆ ಹಾಳೆಗಳನ್ನು ನಿಲ್ಲಿಸಿ ಮೇಜಿಗೆ ತಟ್ಟುವುದು ಎಲ್ಲರೂ ಮಾಡುವ ಕ್ರಮ. ಆಚಾರ್ರು ಒಂದು ಹಲಗೆಗೆ ಎರಡು ಕಡೆ ಗೋಡೆ ಕೊಟ್ಟು ಲಂಬಕೋನದ ಮೂಲೆ ಮಾಡಿದರು. ಹಲಗೆಯನ್ನು ಆ ಮೂಲೆಯ ಕಡೆಗೆ ಓರೆಯಾಗಿ ನಿಲ್ಲಿಸಿದರು. ಈಗ ಹಾಳೆಗಳನ್ನು ಅದರಲ್ಲಿ ಹಾಕಿ ಬಲಗೈಯಲ್ಲಿ ಹಲಗೆಯನ್ನು ತಟ್ಟುತ್ತಾ ಹೋದರೆ ಅವು ಜಾರಿ ಮೂಲೆಗೆ ಬಂದು ತಾವೇ ಸಮವಾಗಿ ಕೂರುತ್ತವೆ. ಭೂಮಿಯ ಗುರುತ್ವ ಸಂಬಳ ಕೇಳದ ಕೆಲಸಗಾರ. ಇಪ್ಪತ್ತು ವರ್ಷ ಪಕ್ಕದಲ್ಲೇ ಇದ್ದರೂ ಅದಕ್ಕೆ ನಾನು ಕೆಲಸ ಕೊಟ್ಟಿರಲಿಲ್ಲ.

ಎರಡನೆಯದು ಪುಸ್ತಕವನ್ನು ಬಿಗಿಹಿಡಿಯುವ ವೈಸ್. ಮೇಜಿನ ಅಂಚಿಗೆ ಮರದ ದವಡೆಯ ವೈಸ್ ಕೂರಿಸಿದೆವು. ಕೂರಿಸಿದ ಮೇಲೆ ಗೊತ್ತಾಯಿತು, ವೈಸ್ ಬಿಗಿಯುವವರೆಗೂ ಪುಸ್ತಕವನ್ನು ಯಾರು ಹಿಡಿಯಬೇಕು? ಒಂದು ಕೈ ಹಿಡಿಗೆ ಹೋದರೆ ಪುಸ್ತಕ ನೆಲಕ್ಕೆ ಬೀಳುತ್ತಿತ್ತು. ಒಂದು ವಾರ ಇದೇ ತೊಡಕು. ಕೊನೆಗೆ ದವಡೆಗಳ ಕೆಳಗೆ ನಾಲ್ಕು ಬೆರಳಗಲದ ಪಟ್ಟಿಯೊಂದನ್ನು ಅಟ್ಟದಂತೆ ಹೊಡೆದೆವು. ಪುಸ್ತಕ ಅದರ ಮೇಲೆ ನಿಂತು ಕಾಯುತ್ತದೆ. ನಾನು ನಿಧಾನವಾಗಿ ಬಿಗಿಯುತ್ತೇನೆ.

ತೂತು ಹಾಕಲು ಒಂದು ಕೈಯಲ್ಲಿ ದಬ್ಬಣ, ಇನ್ನೊಂದರಲ್ಲಿ ಸುತ್ತಿಗೆ ಬೇಕು. ಇಲ್ಲಿ ಆಚಾರ್ರಿಗೆ ಅಡಕತ್ತರಿ ನೆನಪಾಯಿತು. ಒಂದು ಉದ್ದನೆಯ ಹಿಡಿಯನ್ನು ಮೇಜಿನ ಹಿಂಬದಿಗೆ ತಿರುಗಣೆಯಲ್ಲಿ ಸಿಕ್ಕಿಸಿ, ನಡುವೆ ದಬ್ಬಣದ ಮೊನೆಯನ್ನು ಕೂರಿಸಿದರು. ಹಿಡಿಯ ತುದಿಯನ್ನು ಕೆಳಕ್ಕೆ ಒತ್ತಿದರೆ ಮೊನೆ ನೆಟ್ಟಗೆ ಇಳಿಯುತ್ತದೆ. ಸನ್ನೆಯ ತತ್ವ ಎಂದು ಏಳನೆಯ ತರಗತಿಯಲ್ಲಿ ಓದಿದ್ದು ಹೀಗೆ ಮನೆಗೆ ಬಂತು. ಸುತ್ತಿಗೆಯ ಸದ್ದೂ ತಪ್ಪಿತು.

ಸೂಜಿಗೆ ದಾರ ಪೋಣಿಸಲು ಸೂಜಿಯನ್ನು ಸೀಸೆಯ ಬಿರಡೆಗೆ ಚುಚ್ಚಿ ನಿಲ್ಲಿಸುತ್ತೇನೆ. ದಾರದ ತುದಿಗೆ ಮೇಣ ತಿಕ್ಕಿ ಕಡ್ಡಿಯಂತೆ ಮಾಡಿದರೆ ಕಣ್ಣಿನೊಳಗೆ ಹೋಗುತ್ತದೆ. ಗಂಟು ಹಾಕುವಾಗ ದಾರದ ಒಂದು ತುದಿಯನ್ನು ಮೇಜಿಗೆ ಹೊಡೆದ ಮೊಳೆಗೆ ನಾಲ್ಕು ಸುತ್ತು ಸುತ್ತಿದರೆ ಮೊಳೆಯೇ ಅದನ್ನು ಎಳೆದು ಹಿಡಿಯುತ್ತದೆ. ರಟ್ಟು ಜಾರದಂತೆ ಅಡಿಗೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಅಂಟಿಸಿದೆ. ಉಕ್ಕಿನ ಸ್ಕೇಲಿನ ಬೆನ್ನಿಗೆ ಮರಳುಕಾಗದ ಅಂಟಿಸಿ, ಒಂದು ತುದಿಯನ್ನು ಕ್ಲ್ಯಾಂಪಿನಿಂದ ಮೇಜಿಗೆ ಬಿಗಿದೆ. ಕಾಗದ ಒತ್ತಲು ಬಟ್ಟೆ ಸುತ್ತಿದ ಇಟ್ಟಿಗೆ. ಇಡೀ ಇಟ್ಟಿಗೆಯನ್ನು ಎತ್ತಿಳಿಸಿ ಭುಜ ನೋಯತೊಡಗಿದ್ದರಿಂದ ಅದನ್ನು ಎರಡು ತುಂಡು ಮಾಡಿ ಒಂದೊಂದಕ್ಕೂ ಬಟ್ಟೆಯ ಹಿಡಿಕೆ ಹೊಲಿಸಿದೆ.

ಮೈದಾ ಅಂಟಿನ ಡಬ್ಬಿಯ ಮುಚ್ಚಳವೇ ಕೊನೆಯವರೆಗೂ ಸತಾಯಿಸಿತು. ಅದಕ್ಕೆ ಪರಿಹಾರ ಹುಡುಕಿದವಳು ನನ್ನ ಹೆಂಡತಿ. ‘ಡ್ರಾಯರು ಎಳೆದು ಡಬ್ಬಿ ಅದರೊಳಗೆ ಇಡಿ. ಆಮೇಲೆ ಡ್ರಾಯರನ್ನು ಹೊಟ್ಟೆಯಿಂದ ಒತ್ತಿಕೊಳ್ಳಿ. ಅಷ್ಟು ದೊಡ್ಡ ಹೊಟ್ಟೆ ಮತ್ಯಾವುದಕ್ಕೆ ರೀ?’ ಎಂದಳು. ಮುಚ್ಚಳ ಒಂದೇ ತಿರುಗಿಗೆ ಬಿಚ್ಚಿಕೊಂಡಿತು.

ಎಲ್ಲವನ್ನೂ ಒಂದು ಕೈಗೆ ಒಗ್ಗಿಸಬಹುದು ಎಂದು ಮಾತ್ರ ಯಾರೂ ತಿಳಿಯಬಾರದು. ಪುಸ್ತಕದ ಮೂರು ಅಂಚುಗಳನ್ನು ಕತ್ತರಿಸಲು ಮುದ್ರಣಾಲಯಗಳಲ್ಲಿ ವಿದ್ಯುತ್ ಕಟಿಂಗ್ ಯಂತ್ರವಿರುತ್ತದೆ. ಅಂಥ ಹಲವು ಯಂತ್ರಗಳಿಗೆ ಎರಡು ಗುಂಡಿಗಳು. ಎರಡನ್ನೂ ಎರಡು ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಇಳಿಯುತ್ತದೆ. ಅಲಗು ಇಳಿಯುವ ಹೊತ್ತಿಗೆ ಎರಡು ಕೈಗಳೂ ಹೊರಗೇ ಇರಲಿ ಎಂಬ ಮುನ್ನೆಚ್ಚರಿಕೆ ಅದು. ‘ಒಂದು ಗುಂಡಿಗೆ ಕಡ್ಡಿ ಸಿಕ್ಕಿಸಿ ಕಟ್ಟಿಬಿಡು’ ಎಂದು ಸಲಹೆ ಕೊಟ್ಟವರಿದ್ದರು. ಉಳಿದಿರುವ ಒಂದೇ ಕೈಯ ಕಾವಲನ್ನು ಬಿಡಿಸುವುದೆಂದರೆ ಅದು ಜಾಣತನವಲ್ಲ. ಆ ಒಂದು ಕೆಲಸವನ್ನು ದುಡ್ಡು ಕೊಟ್ಟು ಪೇಟೆಯ ಪ್ರೆಸ್ಸಿನಲ್ಲಿ ಮಾಡಿಸುತ್ತೇನೆ.

ಎಡಗೈಯ ವಿಷಯದಲ್ಲೂ ಒಂದು ಎಚ್ಚರಿಕೆ ಇದೆ. ಫಿಸಿಯೋಥೆರಪಿಯವರು ಮೊದಲ ದಿನವೇ ಹೇಳಿದ್ದರು: ಸ್ಪರ್ಶವಿಲ್ಲದ ಕೈಯನ್ನು ಭಾರವಿಡುವ ಕಲ್ಲಿನಂತೆ ಬಳಸಬೇಡಿ, ಸುಟ್ಟರೂ ಕುಯ್ದರೂ ಅದು ನಿಮಗೆ ಸುದ್ದಿ ಕಳಿಸುವುದಿಲ್ಲ. ಅದಕ್ಕೇ ಚಾಕು ಹೊರಗೆ ಬಂದರೆ ಎಡಗೈ ಜೋಳಿಗೆಯೊಳಗೆ ಹೋಗುತ್ತದೆ. ದಾರವನ್ನು ಹಲ್ಲಿನಿಂದ ಎಳೆಯುವುದಿಲ್ಲ. ಇನ್ನು ಬಲಗೈ. ಇಬ್ಬರ ಕೆಲಸವನ್ನು ಒಬ್ಬನೇ ಮಾಡುವವನಿಗೆ ಆಯಾಸ ಜಾಸ್ತಿ. ಅರ್ಧ ಗಂಟೆಗೊಮ್ಮೆ ಅದಕ್ಕೆ ವಿಶ್ರಾಂತಿ ಕೊಡಲೇಬೇಕು.

ಮೊದಲು ಒಂದು ಪುಸ್ತಕಕ್ಕೆ ಹಿಡಿಯುತ್ತಿದ್ದ ಕೈಕೆಲಸ 40 ನಿಮಿಷದ್ದು. ಮೇಜು ಸಿದ್ಧವಾದ ಹೊಸತರಲ್ಲಿ ಎರಡು ಗಂಟೆ ಹಿಡಿಯಿತು. ಈಗ ಒಂದು ಗಂಟೆ ಹತ್ತು ನಿಮಿಷ. ಅದಕ್ಕಿಂತ ಕೆಳಗೆ ಬಂದಿಲ್ಲ, ಬರುವುದೂ ಇಲ್ಲವೇನೋ. ಹಿಂದೆ ಸಂಜೆಗೆ ಮೂರು ಪುಸ್ತಕ ಮುಗಿಯುತ್ತಿದ್ದಲ್ಲಿ ಈಗ ಒಂದೂವರೆ. ಸಂಪಾದನೆ ಅರ್ಧವಾಯಿತು. ಈ ನಷ್ಟವನ್ನು ನಾನು ಸುಳ್ಳು ಸಮಾಧಾನದಿಂದ ಮುಚ್ಚಲಾರೆ. ಆದರೆ ಮೇಜಿನ ಎಡಬದಿಯ ಕುರ್ಚಿ ಖಾಲಿಯಾಯಿತು. ಮೊದಲ ಕೆಲವು ದಿನ ಮಗಳು ಬಂದು ಅಭ್ಯಾಸಬಲದಿಂದ ಕೂತಳು. ವೈಸು, ಮೊಳೆ, ಇಟ್ಟಿಗೆಗಳ ನಡುವೆ ಅವಳ ಕೈಗೆ ಜಾಗವೇ ಇರಲಿಲ್ಲ. ‘ನಾನೇನು ಮಾಡ್ಲಿ ಅಪ್ಪ?’ ಎಂದಳು. ‘ಓದು’ ಎಂದೆ. ಸ್ವಲ್ಪ ಮುನಿಸಿಕೊಂಡೇ ಒಳಗೆ ಹೋದಳು. 2018ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ಪದವಿಗೆ ಮೈಸೂರಿನ ಕಾಲೇಜಿಗೆ ಅರ್ಜಿ ಹಾಕುವಾಗ ನನ್ನ ಮುಖ ನೋಡಲಿಲ್ಲ; ಅರ್ಜಿಯನ್ನು ಮಾತ್ರ ನೋಡಿದಳು. ಅಷ್ಟು ಸಾಕಾಯಿತು ನನಗೆ.

ಈ ಮೇಜಿನ ಸುದ್ದಿ ಬಾಯಿಂದ ಬಾಯಿಗೆ ಹೋಗಿ, 2023ರಲ್ಲಿ ಹತ್ತಿರದ ಹಳ್ಳಿಯ ತಾಯಿಯೊಬ್ಬರು ಎಂಟನೆಯ ತರಗತಿಯ ಮಗನನ್ನು ಕರೆದುಕೊಂಡು ಬಂದರು. ಎರಡು ವರ್ಷದ ಹಿಂದೆ ಆಲೆಮನೆಯಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿ ಹುಡುಗನ ಬಲ ಅಂಗೈ ಹೋಗಿತ್ತು. ಎಡಗೈಯಲ್ಲಿ ಬರೆಯಲು ಕಲಿತಿದ್ದ. ಅಕ್ಷರ ದುಂಡಗಾಗಿಯೇ ಇತ್ತು. ನಾನು ಅವನನ್ನು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವರು ತಾಯಿ. ‘ಮನೇಲಿ ಎಲ್ಲಾ ನಾನೇ ಮಾಡಿ ಕೊಡ್ತೀನಿ ಅಣ್ಣ. ಅವನಿಗೆ ಒಂದು ಚೂರೂ ಕಷ್ಟ ಕೊಟ್ಟಿಲ್ಲ’ ಎಂದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ಆ ಪ್ರೀತಿಗೆ ಎದುರಾಡುವುದು ಸುಲಭವಲ್ಲ.

ತಾಯಿ ನೀರು ಕುಡಿಯಲು ಒಳಗೆ ಹೋದಾಗ ಹುಡುಗ ತನ್ನ ತೊಂದರೆ ಹೇಳಿದ. ಜ್ಯಾಮಿತಿ. ಗೆರೆ ಎಳೆಯುವಾಗ ಸ್ಕೇಲು ಜಾರುತ್ತದೆ. ಕೈವಾರ ತಿರುಗಿಸಿದರೆ ಹಾಳೆಯೇ ತಿರುಗುತ್ತದೆ. ತರಗತಿಯಲ್ಲಿ ಪಕ್ಕದ ಹುಡುಗ ಹಿಡಿದುಕೊಳ್ಳುತ್ತಾನೆ. ‘ಅವನಿಗೂ ಬರೀಬೇಕಲ್ಲ ಸಾರ್’ ಎಂದ. ಇಷ್ಟು ಚಿಕ್ಕವನಿಗೆ ಅದು ಹೊಳೆದಿತ್ತು.

ಪರೀಕ್ಷೆಯ ವಿಷಯ ತಾಯಿಗೆ ತಿಳಿಸಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇದೆ. ಶೇ 40ರಷ್ಟು ಅಥವಾ ಅದಕ್ಕೂ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವಿದ್ದರೆ ಹಲವು ಸೌಲಭ್ಯಗಳಿವೆ. ಬರಹಗಾರರ ನೆರವು ಪಡೆಯುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದೂ, ನೆರವು ಬೇಡವೆಂದು ತಾವೇ ಬರೆಯುವವರಿಗೂ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಕೊಡಬಹುದೆಂದೂ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತು. ಇದು ಯಾರೋ ತೋರುವ ಕರುಣೆಯಲ್ಲ. ಪರೀಕ್ಷೆ ಹತ್ತಿರ ಬರುವವರೆಗೆ ಕಾಯದೆ, ವರ್ಷದ ಮೊದಲೇ ಮುಖ್ಯೋಪಾಧ್ಯಾಯರನ್ನು ಕಂಡು ಮಾತಾಡಬೇಕು.

ಆಮೇಲೆ ಹುಡುಗನನ್ನು ನನ್ನ ಮೇಜಿಗೆ ಕರೆದೆ. ಅವನು ಕೂತು ಒಂದೆರಡು ಕ್ಷಣ ಅತ್ತಿತ್ತ ನೋಡಿದ. ವೈಸಿನ ಹಿಡಿ ಬಲಕ್ಕೆ, ದಬ್ಬಣದ ಸನ್ನೆ ಬಲಕ್ಕೆ, ಮೊಳೆ ಎಡಕ್ಕೆ. ಎಡಗೈ ಚಾಚಿ ಚಾಚಿ ಸೋತು, ‘ಸಾರ್, ಈ ಮೇಜು ಬಲಗೈಯವರದ್ದು’ ಎಂದ. ಒಂದು ಕೈಯವರ ಮೇಜು ಎಂದುಕೊಂಡು ನಾನು ಆರು ವರ್ಷ ಕೂತಿದ್ದ ಮೇಜು ಅದು! ಒಬ್ಬನ ಯುಕ್ತಿಯನ್ನು ಇನ್ನೊಬ್ಬ ಹಾಗೆಯೇ ಹೊತ್ತುಕೊಂಡು ಹೋಗಲಾಗುವುದಿಲ್ಲ. ಹೊತ್ತುಕೊಂಡು ಹೋಗಬಹುದಾದದ್ದು ಆ ಎರಡು ಕಲಮಿನ ಪಟ್ಟಿ ಮಾತ್ರ: ಇಲ್ಲಿ ಮಾಡುವುದು ಯಾವುದು, ಹಿಡಿಯುವುದು ಯಾವುದು? ಹೊಸ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಅವನ ಮುಂದಿಟ್ಟೆ. ಶೂ ದಾರ, ಟಿಫಿನ್ ಡಬ್ಬಿ, ಕೈವಾರ ಎಂದು ಅವನೇ ಬರೆಯತೊಡಗಿದ.

ಬರೆದದ್ದರಲ್ಲಿ ಸ್ಕೇಲಿನ ಕೆಲಸವನ್ನು ಅಂದೇ ಮಾಡಿ ನೋಡೋಣ ಎಂದೆವು. ಹಾಳೆಯ ಎರಡು ತುದಿಗಳಿಗೆ ಕ್ಲಿಪ್ ಹಾಕಿ ಹಲಗೆಗೆ ಬಿಗಿದ. ಸ್ಕೇಲಿನ ಬೆನ್ನಿಗೆ ಮರಳುಕಾಗದದ ಚೂರು ಅಂಟಿಸಿದ. ಅರ್ಧ ಇಟ್ಟಿಗೆಯೊಂದನ್ನು ಅದರ ಮೇಲಿಡಲು ಹೋದಾಗ ಸ್ಕೇಲು ಸರಿದು ಠಣ್ಣೆಂದು ನೆಲಕ್ಕೆ ಬಿತ್ತು. ಜಗುಲಿಯ ಕಂಬಕ್ಕೆ ಒರಗಿದ್ದ ತಾಯಿ ತಟ್ಟನೆ ಎದ್ದರು. ಎರಡು ಹೆಜ್ಜೆ ಬಂದರು. ಹುಡುಗ ತಿರುಗಿ ನೋಡಲಿಲ್ಲ; ಆಗಲೇ ಬಗ್ಗಿದ್ದ. ಅವರು ಅಲ್ಲಿಯೇ ನಿಂತರು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಮೆಲ್ಲನೆ ಹಿಂದಕ್ಕೆ ಹೋಗಿ ಕಂಬದ ಬಳಿ ಕೂತರು. ಹುಡುಗ ಸ್ಕೇಲನ್ನು ಎತ್ತಿಕೊಂಡು ಮತ್ತೆ ಹಾಳೆಯ ಮೇಲಿಟ್ಟ.